ಅವ್ವನ ಸೀರೆಯಲ್ಲಿ ಇಲ್ಲದ ತಂಬಿಗೆ

ನಮ್ಮ ಕಡೆ ಕಸೂತಿ ಕಲಿಯುವ ಹುಡುಗಿಯರು ಗೋಪುರ ಹಾಕುತ್ತಾರೆ, ಆನೆ ಹಾಕುತ್ತಾರೆ, ತುಳಸಿಕಟ್ಟೆ ಹಾಕುತ್ತಾರೆ. ಈಚೆಗೆ ತಂಬಿಗೆಯನ್ನೂ ಹಾಕುತ್ತಾರೆ. ಸಣ್ಣ ಕೊರಳು, ದುಂಡು ಹೊಟ್ಟೆ, ಬಾಯಿಯ ಮೇಲೆ ನಾಲ್ಕು ಚುಕ್ಕೆ. ಇದು ಎಲ್ಲಿಯದು ಎಂದು ಕೇಳಿದರೆ, "ಭಾಳ ಹಳೇದರಿ, ಅಜ್ಜಿ ಮುತ್ತಜ್ಜಿ ಕಾಲದ್ದು" ಎನ್ನುತ್ತಾರೆ.

ಅದು ಅಷ್ಟು ಹಳೆಯದಲ್ಲ. ಅದನ್ನು ಮೊದಲು ಹಾಕಿದವಳು ನಾನು. ತೀರಿಹೋದ ನಮ್ಮ ಅವ್ವನ ಹೆಸರು ಹೇಳಿ, ಒಡಹುಟ್ಟಿದ ತಂಗಿಗೆ ಸುಳ್ಳು ಹೇಳಿ ಹಾಕಿದೆ. ನನ್ನ ಓದು ಮೂರನೆಯ ಇಯತ್ತೆಗೆ ನಿಂತಿತು. ಬರೆಯುವುದಕ್ಕಿಂತ ಹೊಲಿಯುವುದು ನನಗೆ ಸಲೀಸು. ಆದರೆ ಬಾಯಿಂದ ಹೇಳಿದರೆ ಹುಡುಗಿಯರು ನಕ್ಕು ಮತ್ತೆ ಸೂಜಿ ಹಿಡಿಯುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಅವ್ವನದು ಒಂದು ಚಂದ್ರಕಾಳಿ ಸೀರೆ ಇತ್ತು. ಕಪ್ಪು ಮೈ, ಕೆಂಪು ದಡಿ. ಅದರ ಕಸೂತಿಯನ್ನು ಅವಳೇ ಹಾಕಿದ್ದಳು. ಒಂದೇ ಸಲಕ್ಕೆ ಮುಗಿದ ಕೆಲಸವಲ್ಲ. ನನಗೆ ತಿಳಿವಳಿಕೆ ಬಂದ ಮೇಲೂ ಅದಕ್ಕೆ ಅಷ್ಟಷ್ಟು ಸೇರಿಸುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಇಡಬೇಕು. ಕಪ್ಪು ಬಟ್ಟೆಯ ಎಳೆ ಬಿಸಿಲಿನಲ್ಲಿ ಮಾತ್ರ ಕಾಣುತ್ತದೆ. ಊಟವಾಗಿ ಪಾತ್ರೆ ತೊಳೆದ ಮೇಲೆ ಅವ್ವ ಧಾರವಾಡದ ನಮ್ಮ ಮನೆಯ ಮುಂದಿನ ಕಟ್ಟೆಗೆ ಬಂದು ಕೂಡುತ್ತಿದ್ದಳು. ನಾನು ಮಗ್ಗುಲಿಗೆ. ಹಳೆಯ ರೇಷ್ಮೆ ಚೂರಿನಿಂದ ಎಳೆ ಬಿಡಿಸಿ ಕೊಡುವುದು ನನ್ನ ಕೆಲಸ.

"ಹೋಗಾಗ ಒಂದ ಬಿಟ್ಟು ಒಂದ ಹಾಕಬೇಕು. ಬರಾಗ ಬಿಟ್ಟಿದ್ದನ್ನ ತುಂಬಿಕೋತ ಬರಬೇಕು" ಎನ್ನುತ್ತಿದ್ದಳು. "ಹೋಗಾಗ ಎಣಿಕಿ ತಪ್ಪಿದ್ರ ಬರಾಗ ತಿಳೀತೈತಿ."

"ತಿಳದ್ರ ಏನ ಮಾಡೂದು?"

"ಬಿಚ್ಚೂದು. ಮತ್ತೇನ, ಅಳೂದೇನು?"

ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಸೆರಗು ಗಾಳಿಗೆ ತಿರುಗಿದರೂ ಹೊದ್ದವಳ ಮಾನ ಹೋಗಬಾರದು ಎಂದು ಅವ್ವ ನಗುತ್ತಿದ್ದಳು.

ತಂಗಿ ಇನ್ನೂ ತೊಟ್ಟಿಲಲ್ಲಿದ್ದಾಗ ಅವ್ವನಿಗೆ ಜ್ವರ ಬಂತು. ಇಳಿಯಲಿಲ್ಲ. ಒಂದು ಸಂಜೆ ನನ್ನನ್ನು ಹತ್ತಿರ ಕರೆದಳು. ಸೀರೆ ಗೂಟದ ಮೇಲಿತ್ತು.

"ಆ ಸೀರಿ ಆಕೀದು. ದೊಡ್ಡಾಕಿ ಆಗಿ ಬಸರಾದಾಗ, ಕುಬಸದ ದಿನ ಉಡಸು" ಎಂದಳು. ಕುಬಸವೆಂದರೆ ಬಸುರಿಗೆ ತವರಿನವರು ಕಪ್ಪು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ನನಗೆ ಯಾಕೆ ಇಲ್ಲ ಎಂದು ನಾನು ಕೇಳಿದೆನೋ, ಮುಖ ನೋಡಿ ಅವಳಿಗೇ ತಿಳಿಯಿತೋ. "ನೀ ನನ್ನ ಕಂಡೀದಿ. ಆಕಿ ಕಂಡಿಲ್ಲ" ಎಂದಳು.

ಅವ್ವ ಹೋದ ಮೇಲೆ ಸಾಲಿ ಬಿಟ್ಟು ತೊಟ್ಟಿಲು ತೂಗಿದೆ. ಮನೆಯಲ್ಲಿ ಅಪ್ಪ, ಕಣ್ಣು ಮಂಜಾದ ಸೋದರತ್ತೆ, ನಾನು, ಕೂಸು. ಅದು ಮೊದಲು ಆಡಿದ ಮಾತು "ಅಕ್ಕ". ನನ್ನನ್ನು ಹುಬ್ಬಳ್ಳಿಗೆ ಮದುವೆ ಮಾಡಿಕೊಟ್ಟಾಗ ಅವಳು ಟಾಂಗಾದ ಗಾಲಿ ಹಿಡಿದುಕೊಂಡು ನಿಂತಿದ್ದಳು. ಆ ಮನೆಯಲ್ಲಿ ಸೀರೆ ಜೋಪಾನ ಮಾಡುವವರಿಲ್ಲ ಎಂದು ನನ್ನ ಪೆಟ್ಟಿಗೆಯ ತಳಕ್ಕೆ ಹಾಕಿಕೊಂಡು ಹೋದೆ. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ನನ್ನ ಗಂಡನ ಮನೆ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ. ನೆಗೆಣ್ಣಿ, ಎಂದರೆ ನನ್ನ ಮೈದುನನ ಹೆಂಡತಿ, ತವರಿನಿಂದ ಕೊಡ, ಹಂಡೆ, ಪರಾತ ಎಲ್ಲ ತಂದಿದ್ದಳು. ಒಂದೊಂದರ ಮೇಲೂ ಅವಳಪ್ಪನ ಹೆಸರು ಕೊರೆಸಿತ್ತು. ನಾನು ತಂದದ್ದು ಒಂದು ತಗಡಿನ ಪೆಟ್ಟಿಗೆ. ಅತ್ತೆ ಕೆಟ್ಟವರಲ್ಲ, ಆದರೆ ಅವರ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಬೀಗರು ಬಂದು ಕೂತಾಗಲೇ, "ದೊಡ್ಡ ಸೊಸಿ ತವರಿಂದ ಏನ ಬಂದಾವಂತ ಕೇಳಬ್ಯಾಡ್ರಿ. ನೀರ ಕುಡಿಯೂದಕ್ಕ ಒಂದ ತಂಬಿಗಿನೂ ಇಲ್ಲ. ಬೊಗಸ್ಯಾಗ ಕುಡಸ್ತಾಳ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಹಳೆಯ ಜರಿ, ಹಳೆಯ ರೇಷ್ಮೆ ತೆಗೆದುಕೊಂಡು ಪಾತ್ರೆ ಕೊಡುವವನೊಬ್ಬ ಓಣಿಗೆ ಬರುತ್ತಿದ್ದ. ಒಂದು ಮಧ್ಯಾಹ್ನ ಅತ್ತೆ ಗುಡಿಗೆ ಹೋದಾಗ ಅವನ ಕೂಗು ಕೇಳಿಸಿತು. ನಾನು ಪೆಟ್ಟಿಗೆ ತೆರೆದೆ.

ಅವನು ಸೀರೆ ಬಿಡಿಸಿ ಬಿಸಿಲಿಗೆ ಹಿಡಿದ. "ಸೆರಗ ಛಲೋ ಐತಿ. ಮೈ ಸವದೈತಿ."

"ಕಸೂತಿ ನೋಡಪಾ" ಎಂದೆ.

"ಕಸೂತಿ ನಾವೇನ ಮಾಡೂಣ ತಾಯಿ? ನಮಗ ಬೇಕಾದ್ದು ರೇಷ್ಮಿ." ಮಡಿಸಲೂ ಇಲ್ಲ, ಸುತ್ತಿ ಗಂಟಿನಲ್ಲಿ ತುರುಕಿದ. ನನ್ನ ಕೈಗೆ ಹಿತ್ತಾಳೆಯ ತಂಬಿಗೆ ಬಂತು. ಅವನು ಓಣಿಯ ತಿರುವು ದಾಟುವ ತನಕ ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ.

ಅಪ್ಪ ಕಳಿಸಿದ್ದಾನೆ ಎಂದು ಹೇಳಿದೆ. ಅತ್ತೆ ಆ ದಿನ ಅದರಲ್ಲೇ ನೀರು ಕುಡಿದು, "ತೂಕ ಐತಿ" ಎಂದರು. ಬೀಗರ ಮುಂದಿನ ಆ ಮಾತು ಅಲ್ಲಿಗೆ ನಿಂತಿತು. ನನಗೆ ಎಷ್ಟೋ ದಿನ ಹಿಗ್ಗು ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ತಂಗಿ ಓದಿದಳು. ಸೋದರತ್ತೆ ಹಟ ಹಿಡಿದು ಹೆಣ್ಣುಮಕ್ಕಳ ಸಾಲಿಗೆ ಹಾಕಿದರು. ಮುಲ್ಕಿ ಪರೀಕ್ಷೆ ಮುಗಿಸಿ, ಟ್ರೇನಿಂಗ್ ಮುಗಿಸಿ, ಅವಳೇ ಸಾಲಿಯಲ್ಲಿ ಕಲಿಸುವ ಬಾಯಿ ಆದಳು. ಸೂಟಿ ಬಿಟ್ಟಾಗಲೆಲ್ಲ ರೈಲು ಹತ್ತಿ ನನ್ನ ಮನೆಗೆ ಬರುತ್ತಿದ್ದಳು. ಬಂದವಳೇ ಚಪ್ಪಲಿ ಬಿಟ್ಟು ಅಡಿಗೆ ಮನೆಗೆ ನುಗ್ಗಿ, ಆ ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದಳು. "ಅಕ್ಕಾ, ಅವ್ವನ ಸೀರಿ ತೋರಸು."

"ಪೆಟ್ಟಿಗಿ ತಳದಾಗ ಐತಿ. ಕುಬಸಕ್ಕ ತಗಿಯೂಣು."

"ಮದುವಿನ ಆಗಿಲ್ಲ, ಕುಬಸ ಅಂತೀ. ಅಷ್ಟರಾಗ ನಾ ಮುದುಕಿ ಆಗತೇನಿ."

"ಮುದುಕಿಗೂ ಉಡಸ್ತೇನಿ, ಬಾ."

ಹೀಗೆ ಚೇಷ್ಟೆಯಲ್ಲಿ ತೇಲಿಸುತ್ತಿದ್ದೆ. ಒಂದು ಸಂಗತಿ ನನಗೆ ಬಹಳ ವರ್ಷ ತಿಳಿಯಲಿಲ್ಲ. ಅವ್ವನ ಮಾತು ಬಂದರೆ ಸೀರೆಯ ಮಾತು ಬರುತ್ತದೆ ಎಂದು ನಾನು ಅವ್ವನ ಮಾತು ತೆಗೆಯುವುದನ್ನೇ ಬಿಟ್ಟಿದ್ದೆ. ಅವ್ವ ಹೇಗೆ ನಗುತ್ತಿದ್ದಳು ಎಂದು ಅವಳು ಕೇಳಿದರೆ ಒಲೆಯ ಮೇಲಿನ ಸಾರು ನೆನಪಾಗುತ್ತಿತ್ತು. ಕಡೆಗೆ ಅವಳು ಕೇಳುವುದನ್ನು ನಿಲ್ಲಿಸಿದಳು. ಸೀರೆ ಒಂದನ್ನು ಮಾತ್ರ ಬಿಡಲಿಲ್ಲ.

ಆ ಕಾಲಕ್ಕೆ ಧಾರವಾಡದಲ್ಲಿ ಕೆಲವರು ಸೇರಿ ಒಂದು ಮಂಡಳಿ ಮಾಡಿದರು. ಊರಿನ ಹಳೆಯ ಸಾಮಾನು, ಹಳೆಯ ಕೈಗೆಲಸ ಹಾಳಾಗಿ ಹೋಗುವ ಮೊದಲು ಕೂಡಿಸಿ ಇಡಬೇಕು ಎಂದು. ಪಗಾರವಿಲ್ಲ, ಪದವಿಯಿಲ್ಲ. ಪೆನ್ಶನ್ ತಗೊಂಡ ಒಬ್ಬ ಮುದುಕ ಮಾಸ್ತರರು ತಮ್ಮ ಮನೆಯ ಮಾಳಿಗೆ ಕೋಣೆ ಬಿಟ್ಟುಕೊಟ್ಟರು. ಮಿಶನ್ ಸಾಲಿಯ ಒಬ್ಬ ಬಾಯಾರು, ನನ್ನ ತಂಗಿ, ಇನ್ನೂ ನಾಲ್ಕಾರು ಮಂದಿ ಐತವಾರಕ್ಕೊಮ್ಮೆ ಮನೆಮನೆಗೆ ಹೋಗಿ ಕೇಳುತ್ತಿದ್ದರು. ಕಟ್ಟಿಗೆಯ ಸೇರು, ಪಗಡೆಯ ಹಾಸು, ಕವಡೆ ಕಟ್ಟಿದ ಎತ್ತಿನ ಕೊರಳಪಟ್ಟಿ ಬಂದವು. ಯಾರೋ ಒಬ್ಬರು ಮುರಿದ ಛತ್ರಿ ಕೊಟ್ಟರು. ಒಬ್ಬಾಕೆಯಂತೂ ಬಾಗಿಲಲ್ಲೇ, "ಹಳೇದು ಬೇಕಾಗಿದ್ರ ನಮ್ಮ ಅತ್ತಿನ್ನ ಒಯ್ರಿ" ಎಂದಳಂತೆ. ಒಳಗಿನಿಂದ ಅತ್ತೆಯ ದನಿ: "ಹೋಗತೇನಿ ತಡಿ. ಅಲ್ಲೆ ಮಂದಿ ದಿನಾ ನೋಡಾಕರ ಬರತಾರ." ಇದನ್ನು ತಂಗಿ ಇಬ್ಬರ ದನಿಯಲ್ಲೂ ಮಾಡಿ ತೋರಿಸಿ ನಗಿಸುತ್ತಿದ್ದಳು.

ಮಾಸ್ತರರದು ಒಂದು ಕಟ್ಟುನಿಟ್ಟು ಇತ್ತು. ಯಾವುದೇ ವಸ್ತುವನ್ನು, ಅದನ್ನು ಬಳಸಿದ್ದನ್ನು ಕಣ್ಣಾರೆ ಕಂಡವರು ಮಾಳಿಗೆಗೆ ಬಂದು ಹೇಳಿದರೆ ಮಾತ್ರ ಇಟ್ಟುಕೊಳ್ಳುವುದು. "ಕೇಳಿದವರ ಮಾತು ಬ್ಯಾಡ, ಕಂಡವರ ಮಾತು ಬೇಕು" ಎನ್ನುತ್ತಿದ್ದರು. ಯಾರ ಮನೆಯದು, ಯಾರ ಕೈಯದು ಎಂದು ಒಂದು ಬಟ್ಟೆಯ ಪಟ್ಟಿಯ ಮೇಲೆ ಬರೆದು ವಸ್ತುವಿಗೆ ಕಟ್ಟುತ್ತಿದ್ದರು.

ತಂಗಿ ಅವರಿಗೆ ಅವ್ವನ ಸೀರೆಯ ಸಂಗತಿ ಹೇಳಿದಳು. ಹೇಳಿ, ಮುಂದಿನ ಐತವಾರವೇ ಹುಬ್ಬಳ್ಳಿಗೆ ಬಂದಳು.

"ಕುಬಸದ ತನಕಾ ಯಾಕ ಅಕ್ಕಾ? ಈಗ ತಗಿ. ಮಾಳಿಗ್ಯಾಗ ಅವ್ವನ ಹೆಸರ ಇರ್ತೈತಿ. ನನಗೂ ಒಂದ ಸಲ ಕೈಲೆ ಮುಟ್ಟಬೇಕು."

ಅವಳೇ ನನ್ನ ಪೆಟ್ಟಿಗೆಯ ಹತ್ತಿರ ಹೋಗಿ ಕೂತಳು. ಇನ್ನು ಮಾತನ್ನು ಮುಂದೆ ತಳ್ಳಲಾಗಲಿಲ್ಲ.

"ಹುಳ ಹಿಡದು ಪುಡಿ ಆತವಾ. ನಿನಗ ಹ್ಯಾಂಗ ಹೇಳೂದಂತ ಸುಮ್ಮನಿದ್ದೆ" ಎಂದೆ.

ಅವಳು ಅಳಲಿಲ್ಲ. ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡಿದಳು. "ನೀ ಏನ ಮಾಡ್ತಿ, ಬಿಡು. ನೀ ಕಂಡೀಯಲ್ಲ. ಹಂಗಾರ ನೀನ ಹಾಕಿ ಕೊಡು. ಕಂಡವರು ಹಾಕಿದ್ರ ಮಾಸ್ತರು ಇಟ್ಟಕೋತಾರ."

ಹೀಗೆ ನಾನು ಒಂದು ತುಂಡು ಕಪ್ಪು ಬಟ್ಟೆ ಹಿಡಿದು ಕೂತೆ. ಗೋಪುರ ಬಂತು. ದಡಿಯ ಗುಂಟ ದೀಪದ ಸಾಲಿತ್ತು, ಅದೂ ಬಂತು. ಸೆರಗಿನ ನಟ್ಟನಡುವೆ ಒಂದು ದೊಡ್ಡ ಚಿತ್ರವಿತ್ತು. ಅದು ಬರಲಿಲ್ಲ. ಕಣ್ಣು ಮುಚ್ಚಿದರೆ ಅವ್ವನ ಬೆರಳು ಕಾಣುತ್ತಿತ್ತು, ಸೂಜಿ ಕಾಣುತ್ತಿತ್ತು, ಎಣಿಸುವಾಗ ಅಲುಗುವ ತುಟಿ ಕಾಣುತ್ತಿತ್ತು. ಬೆರಳಿನ ಕೆಳಗೆ ಬರೀ ಕಪ್ಪು. ಚಿಕ್ಕವಳಿದ್ದಾಗ ನಾನು ನೋಡಿದ್ದು ಅವಳ ಮುಖವನ್ನು, ಸೀರೆಯನ್ನಲ್ಲ. ಪೆಟ್ಟಿಗೆಗೆ ಹಾಕಿದ ಮೇಲೆ ಬಿಡಿಸಿ ನೋಡಿರಲಿಲ್ಲ, ಪಾತ್ರೆಯವನು ಬಿಡಿಸಿದಾಗ ನನ್ನ ಕಣ್ಣು ತಂಬಿಗೆಯ ಮೇಲಿತ್ತು.

ಇಲ್ಲಿ ನೆನಪಿಲ್ಲ ಎಂದು ನಡುವೆ ಖಾಲಿ ಬಿಟ್ಟು ಕೊಡಬಹುದಿತ್ತು. ಆದರೆ ಹುಳ ಹಿಡಿಯುವ ಮೊದಲು ಎಷ್ಟೋ ವರ್ಷ ಸೀರೆ ನನ್ನ ಪೆಟ್ಟಿಗೆಯಲ್ಲೇ ಇತ್ತು ಎಂದು ಹೇಳಿದ್ದೆನಲ್ಲ, ನೆನಪಿಲ್ಲ ಎಂದರೆ ತಂಗಿ ನಂಬುತ್ತಾಳೆಯೇ? ಮಧ್ಯಾಹ್ನದ ಬಿಸಿಲು ಅಡಿಗೆ ಮನೆಯ ಕಿಡಕಿಯಿಂದ ಬಿದ್ದಿತ್ತು. ಎದುರಿಗೆ ತಂಬಿಗೆ. ಎಳೆ ಎಣಿಸತೊಡಗಿದೆ. ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುತ್ತ. ಒಂದು ಎಳೆ ತಪ್ಪಿದ್ದರೂ ದೇವರು ಬೇಡವೆನ್ನುತ್ತಿದ್ದಾನೆ ಎಂದುಕೊಂಡು ಬಿಚ್ಚುತ್ತಿದ್ದೆನೇನೋ. ಎಲ್ಲಿಯೂ ತಪ್ಪಲಿಲ್ಲ.

ತಂಗಿ ನನ್ನನ್ನು ಮಾಳಿಗೆಗೆ ಕರೆದೊಯ್ದಳು. ಮಾಸ್ತರರು ಚಾಳೀಸು ಮೂಗಿಗೆ ಏರಿಸಿ ಬಟ್ಟೆಯನ್ನು ಹಿಂದೆ ಮುಂದೆ ತಿರುವಿದರು.

"ಕೈ ಭಾಳ ಛಲೋ ಅದ. ಕಳಸ ನೋಡೇನಿ, ಪೂರ್ಣಕುಂಭ ನೋಡೇನಿ. ಹಿಂಗ ಬರೇ ನೀರ ಕುಡಿಯೂ ತಂಬಿಗಿ ನೋಡಿಲ್ಲ. ನಿಮ್ಮ ತಾಯಾರು ಹಾಕಿದ್ದು ಖರೇನ್ರಿ ಅವ್ವಾ?"

"ಹೌದರಿ. ನಾ ಕಂಡೇನಿ" ಎಂದೆ.

ನಾನು ಹೆದರಿದ್ದೇನೆ ಎಂದುಕೊಂಡು ತಂಗಿ ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದಳು. ಮಿಶನ್ ಸಾಲಿಯ ಬಾಯಾರು, "ಎಲ್ಲಾರೂ ಗುಡಿ ಹಾಕಿದ್ರು, ಇವರು ಬಾಯಾರಿದವರ ನೆನಪ ಮಾಡ್ಯಾರ ನೋಡ್ರಿ" ಎಂದರು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. 'ನಮ್ಮ ತಾಯಿಯ ಕೈ, ಅಕ್ಕ ಕಂಡದ್ದು' ಎಂದು ತಂಗಿ ತನ್ನ ಕೈಯಿಂದ ಪಟ್ಟಿ ಬರೆದು ಅಂಚಿಗೆ ಹೊಲಿದಳು. ಆಮೇಲೆ ಸಾಲಿಯಲ್ಲಿ ಹುಡುಗಿಯರಿಗೆ ಆ ತಂಬಿಗೆ ಹಾಕಲು ಕಲಿಸಿದಳು. ಹುಡುಗಿಯರು ಮದುವೆಯಾಗಿ ನವಲಗುಂದ, ಗದಗ, ಬೆಳಗಾವಿ ಎಂದು ಹೋದರು. ತಂಬಿಗೆಯೂ ಹೋಯಿತು.

ತಂಗಿಯ ಮದುವೆ ತಡವಾಗಿ ಆಯಿತು. ಬಸುರಿಯಾದಾಗ ಯುದ್ಧದ ಕಾಲ, ಎಲ್ಲದಕ್ಕೂ ಸಾಲು ಹಚ್ಚಬೇಕು. ಅಪ್ಪ, ಸೋದರತ್ತೆ ಇಬ್ಬರೂ ಆಗಲೇ ಹೋಗಿದ್ದರು. ತವರು ಎಂದರೆ ನಾನೇ. ನನ್ನ ಗಂಡ ಎಲ್ಲೆಲ್ಲೋ ಅಲೆದು ಒಂದು ಕಪ್ಪು ಸೀರೆ ಹುಡುಕಿ ತಂದರು. ಅದನ್ನು ಮೊದಲೇ ಕಳಿಸಿಕೊಡು, ಕಸೂತಿ ನಾನೇ ಹಾಕಿಕೊಳ್ಳುತ್ತೇನೆ ಎಂದು ತಂಗಿ ಹೇಳಿ ಕಳಿಸಿದಳು.

ಕುಬಸದ ದಿನ ಧಾರವಾಡಕ್ಕೆ ಹೋದೆ. ಹಣ್ಣು, ಹೂವು, ಬಳೆ. ಎಳ್ಳುಂಡೆಯನ್ನು ತಂಬಿಗೆಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದ್ದೆ. ಮನೆಯಲ್ಲಿ ಕೈಗೆ ಸಿಕ್ಕ ಪಾತ್ರೆ ಅದೇ. ತಂಗಿ ಒಳಗಿನಿಂದ ಬಂದಳು. ಹೊಟ್ಟೆಯ ಮೇಲೆ ಹಾಯ್ದ ಸೆರಗಿನ ತುಂಬ ಸಾಲು ಸಾಲು ತಂಬಿಗೆ. ಬಸುರಿನ ಬೇನೆ, ವಾಂತಿ ಎಲ್ಲದರ ನಡುವೆ ಕೂತು ಎಳೆ ಎಣಿಸಿದ್ದಳು.

"ಅವ್ವನ ತಂಬಿಗಿ, ನೋಡ ಅಕ್ಕಾ. ಅವ್ವನ ಬಂದು ಉಡಿಸಿದಂಗ ಆತು" ಎಂದಳು.

ನಾನು ಉಡಿ ತುಂಬಬೇಕು. ಅಕ್ಕಿ ಹಿಡಿದ ಬೊಗಸೆ ಅವಳ ಸೆರಗಿನ ಮೇಲೆ ನಿಂತೇ ಬಿಟ್ಟಿತು. "ಯಾಕವಾ, ತಂಗಿ ಮ್ಯಾಲ ದೃಷ್ಟಿ ಆಗತೈತಿ, ಲಗೂ ಹಾಕು" ಎಂದರು ಹೆಂಗಸರು. ಹಾಕಿದೆ.

ಮಂದಿ ಉಂಡು ಹೋದ ಮೇಲೆ ಹಿತ್ತಲಿನ ಮೆಟ್ಟಿಲ ಮೇಲೆ ಇಬ್ಬರೇ ಕೂತೆವು. ಅವಳು ತಂಬಿಗೆಯ ಬಾಯಿ ಬಿಚ್ಚಿ ಎಳ್ಳುಂಡೆ ತಿನ್ನುತ್ತಿದ್ದಳು.

"ಸೀರಿಗೆ ಹುಳ ಹಿಡದಿದ್ದಿಲ್ಲ" ಎಂದೆ. "ಪಾತ್ರಿಯವಗ ಕೊಟ್ಟೆ."

ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಅತ್ತಿ ಆಡಿಕೋತಿದ್ರು. ತವರಿಂದ ಒಂದ ಪಾತ್ರಿ ಬೇಕಾಗಿತ್ತು. ಸೀರಿ ಕೊಟ್ಟು ಇದನ್ನ ತಗೊಂಡೆ."

ಅವಳು ತೊಡೆಯ ಮೇಲಿನ ತಂಬಿಗೆ ನೋಡಿದಳು. ಆಮೇಲೆ ಸೆರಗು ನೋಡಿದಳು. ಮತ್ತೆ ತಂಬಿಗೆ. "ಇದ?"

"ಇದ."

ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಮತ್ತ ಸೆರಗಿನ ನಡುವ ಖರೇನ ಏನಿತ್ತು?" ಎಂದು ಕೇಳಿದಳು.

"ನೆನಪಿಲ್ಲವಾ."

"ನೆನಪ ಮಾಡಕೋ."

"ಭಾಳ ಸಲ ಮಾಡೇನಿ. ಅವ್ವನ ಬೆರಳ ಕಾಣತಾವು. ಬೆರಳಿನ ಕೆಳಗ ಏನೂ ಕಾಣೂದಿಲ್ಲ."

ಬೈಯುತ್ತಾಳೆ ಎಂದು ಕಾದೆ. ಅವಳು ತನ್ನ ಕೈ ಮುಂದೆ ಚಾಚಿ ನೋಡಿಕೊಂಡಳು.

"ಬೆರಳ ಹ್ಯಾಂಗ ಇದ್ದುವು?"

ಹೇಳಿದೆ. ಉದ್ದ ಇರಲಿಲ್ಲ, ನನ್ನ ಹಾಗೆಯೇ ಮೋಟು. ಉಗುರಿನ ಸಂದಿನಲ್ಲಿ ಯಾವಾಗಲೂ ಅರಿಷಿಣ. ಸೂಜಿ ಚುಚ್ಚಿದರೆ ಬಾಯಲ್ಲಿ ಇಟ್ಟುಕೊಂಡು ಹಾಗೆಯೇ ಮಾತಾಡುತ್ತಿದ್ದಳು, ಏನೂ ತಿಳಿಯುತ್ತಿರಲಿಲ್ಲ. ನಕ್ಕರೆ ಹೆಗಲು ಕುಣಿಯುತ್ತಿತ್ತು, ದನಿ ಬರುತ್ತಿರಲಿಲ್ಲ. ನಿನಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವಾಗ, ನೀರು ಬಿಸಿ ಆಯಿತೇನು ಎಂದು ನಿನ್ನನ್ನೇ ಕೇಳುತ್ತಿದ್ದಳು, ನೀನು ಉತ್ತರ ಹೇಳುವವಳ ಹಾಗೆ. ತಂಗಿ ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ದೀಪ ಹಚ್ಚುವ ಹೊತ್ತಾಯಿತು. ಇಷ್ಟೆಲ್ಲ ನನ್ನ ಹತ್ತಿರ ಇತ್ತು. ಹುಳ ಹಿಡಿದಿರಲಿಲ್ಲ, ಯಾರೂ ಒಯ್ದಿರಲಿಲ್ಲ. ಒಂದು ಸೀರೆಯ ಸುಳ್ಳು ಕಾಯುವುದಕ್ಕೋಸ್ಕರ ಅವಳಿಗೆ ಇದರಲ್ಲಿ ಒಂದನ್ನೂ ಕೊಡದೆ ಇದ್ದೆ. ಸೀರೆ ಕೊಟ್ಟದ್ದು ಹುಡುಗಿಯ ಬುದ್ಧಿ ಎಂದು ಯಾರಾದರೂ ಕ್ಷಮಿಸಬಹುದು. ಇದನ್ನು ಹೇಗೆ ಕ್ಷಮಿಸುವುದು?

ಅವಳೂ ಕ್ಷಮಿಸಿದೆ ಎನ್ನಲಿಲ್ಲ. ಆ ದಿನ ತಂಬಿಗೆಯಿಂದ ನೀರು ಕುಡಿಯಲಿಲ್ಲ, ಲೋಟ ತರಿಸಿಕೊಂಡಳು.

ಐತವಾರ ನಾವಿಬ್ಬರೂ ಮಾಳಿಗೆಗೆ ಹೋದೆವು. ಮಾಸ್ತರರ ಮುಂದೆ ನಾನೇ ಹೇಳಿದೆ. ಅವರು ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿದರು.

"ಮನಿ ಹೆಣ್ಣಮಗಳ ಮಾತಂತ ಮುಂದ ಕೇಳದ ಬಿಟ್ಟೆ. ತಪ್ಪು ನನ್ನದೂ ಅದ" ಎಂದರು. "ಆದ್ರ ಇಲ್ಲೆ ಇಡಾಕ ಬರೂದಿಲ್ಲರಿ."

"ಗೊತ್ತೈತ್ರಿ" ಎಂದಳು ತಂಗಿ. ತಾನೇ ಬಟ್ಟೆ ಇಳಿಸಿದಳು. ತಾನು ಹೊಲಿದ ಪಟ್ಟಿಯನ್ನು ಹಲ್ಲಿನಿಂದ ಎಳೆ ಕಡಿದು ಬಿಚ್ಚಿದಳು. ಬಟ್ಟೆಯನ್ನು ಬಿಸಾಡುತ್ತಾಳೆ ಎಂದುಕೊಂಡೆ. ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಇನ್ನು ಹುಡುಗಿಯರಿಗೆ ಕಲಿಸಲಿಲ್ಲ. ಕಲಿತು ಹೋದವರನ್ನು ಕೂಗಿ ಕರೆಯುವುದು ಸಾಧ್ಯವಿರಲಿಲ್ಲ. ಸಿಕ್ಕವರಿಗೆ ನಾನು ಹೇಳುತ್ತೇನೆ. "ಇರಲಿ ಬಿಡ್ರಿ ಅವ್ವಾ, ಚಂದ ಐತಿ" ಎನ್ನುತ್ತಾರೆ.

ಹೆಣ್ಣು ಕೂಸು ಹುಟ್ಟಿತು. ಬಾಣಂತನ ನಾನೇ ಮಾಡಿದೆ. ಎಳೆಗೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ, ಹಿರಿಯರ ಹಳೆಯ ಬಟ್ಟೆಯೇ ಆಗಬೇಕು. ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಹೊಲಿಯಲು ಹಳೆಯ ಸೀರೆ ಹುಡುಕುತ್ತಿದ್ದಾಗ ತಂಗಿ ಮಲಗಿದಲ್ಲಿಂದಲೇ ಕೈ ಚಾಚಿ, ದಿಂಬಿನ ಕೆಳಗಿನಿಂದ ಆ ಕಪ್ಪು ಬಟ್ಟೆ ತೆಗೆದು ಕೊಟ್ಟಳು.

"ಮಂಡಳಿಗಂತೂ ಹಳೇದಾಗಲಿಲ್ಲ. ಕೂಸಿಗರ ಆಗಲಿ" ಎಂದಳು.

ತಂಬಿಗೆ ಕೂಸಿನ ನೆತ್ತಿಯ ಮೇಲೆ ಬರುವ ಹಾಗೆ ಹೊಲಿದೆ. ಹಿತ್ತಾಳೆಯ ತಂಬಿಗೆಯನ್ನು ಅಲ್ಲೇ ಬಿಟ್ಟು ಬಂದೆ. ಅದು ಅವಳದೇ. ಕೂಸಿಗೆ ಎರೆಯುವಾಗ ಅವಳು ಅದರಿಂದಲೇ ನೀರು ಹಾಕುತ್ತಿದ್ದಳು, ಬಿಸಿ ಆಯಿತೇನು ಎಂದು ಕೂಸನ್ನೇ ಕೇಳುತ್ತ.

ಮಾಳಿಗೆಯ ಗೋಡೆಯಲ್ಲಿ ಆ ಮೊಳೆ ಈಗಲೂ ಇದೆಯಂತೆ. ಬೇರೆ ಏನನ್ನೂ ಅದಕ್ಕೆ ತೂಗುಹಾಕಲು ಮಾಸ್ತರರು ಬಿಟ್ಟಿಲ್ಲ, ನಿಮ್ಮಕ್ಕಗ ನೆನಪಾದರೂ ಆಗಬಹುದು ಎನ್ನುತ್ತಾರಂತೆ. ನಾನು ಧಾರವಾಡಕ್ಕೆ ಹೋದಾಗಲೆಲ್ಲ ತಂಗಿ ಬಾಗಿಲಲ್ಲೇ ಕೇಳುತ್ತಾಳೆ:

"ಏನರ ನೆನಪಾತೇನು?"

"ಇಲ್ಲವಾ."

"ಬಾ, ಒಳಗ ಬಾ. ನೀರ ಕುಡಿ" ಎಂದು ತಂಬಿಗೆ ಕೊಡುತ್ತಾಳೆ. ನಾನು ಕುಡಿಯುತ್ತೇನೆ.